ಫ್ಲಾಸ್ಕು ತೆರೆಯದ ಭಾನುವಾರ

ನಮ್ಮ ಟೀಚರಿಗೆ ಸೀಟಿ ಊದಲು ಬರುತ್ತಿರಲಿಲ್ಲ. ಡೊಂಬಿವಲಿಯ ಒಂದೇ ಕಾಲೇಜಿನಲ್ಲಿ ತಲೆ ನೆರೆಯುವ ತನಕ ಕ್ರೀಡಾ ಶಿಕ್ಷಕಿಯಾಗಿದ್ದವರಿಗೆ ಸೀಟಿ ಊದಲು ಬಾರದು ಎಂದರೆ ಅಡುಗೆ ಭಟ್ಟರಿಗೆ ಒಲೆ ಹಚ್ಚಲು ಬಾರದು ಎಂದ ಹಾಗೆ. ಅವರು ಊದಿದರೆ ಗಾಳಿ ಬರುತ್ತಿತ್ತು, ಸದ್ದು ಬರುತ್ತಿರಲಿಲ್ಲ. ನಾವು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದೆವು. ಕೊನೆಗೆ ಅವರು ಸೀಟಿಯನ್ನು ಕೊರಳಿನ ಅಲಂಕಾರಕ್ಕೆ ಬಿಟ್ಟು ಚಪ್ಪಾಳೆ ಹಿಡಿದುಕೊಂಡರು. ಒಂದು ಚಪ್ಪಾಳೆ ಎಂದರೆ ನಿಲ್ಲಿ. ಎರಡು ಎಂದರೆ, ಏನೇ ಆದರೂ ನಿಲ್ಲಬೇಡಿ, ಆಡುತ್ತಾ ಇರಿ. ಬಿದ್ದು ಮೊಣಕಾಲು ಕಿತ್ತುಹೋದರೂ ಎರಡು ಚಪ್ಪಾಳೆ ಕೇಳಿದರೆ ನಾವು ಎದ್ದು ಓಡಬೇಕಿತ್ತು.

ಕಾಟನ್ ಸೀರೆ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಕಾಲಿಗೆ ಬಿಳಿ ಕ್ಯಾನ್ವಾಸ್ ಶೂ. ಇದು ಅವರ ವೇಷ. ಟ್ರ್ಯಾಕ್ ಸೂಟ್ ಹಾಕಿಕೊಳ್ಳಿ ಟೀಚರ್ ಎಂದು ನಾವು ಪೀಡಿಸಿದಾಗ, "ಅದನ್ನು ಹಾಕಿದ್ರೆ ಓಡ್ಬೇಕಾಗ್ತದೆ ಮಾರಾಯ್ತಿ. ಸೀರೆ ಆದ್ರೆ ನಿಂತ್ಕೊಂಡು ನಿಮ್ಮನ್ನು ಓಡಿಸಬಹುದು" ಎಂದಿದ್ದರು. ಉಡುಪಿಯ ಕಡೆಯವರು. ಮನೆಯಲ್ಲಿ ತುಳು, ನಮ್ಮ ಜೊತೆ ಹಿಂದಿ, ಮರಾಠಿ ಎಲ್ಲ ಕಲಸಿದ ಒಂದು ಭಾಷೆ, ಸಿಟ್ಟು ಬಂದರೆ, ಇಲ್ಲವೇ ನನ್ನೊಡನೆ ಮಾತಾಡುವಾಗ, ಶುದ್ಧ ಕರಾವಳಿ ಕನ್ನಡ. ಠಾಣೆಯ ಕೋಪರಿಯಲ್ಲಿ ಅಣ್ಣನ ಮನೆಯಲ್ಲಿದ್ದರು. ಅಣ್ಣನದು ಸ್ಟೇಷನ್ನಿನ ಪೂರ್ವಕ್ಕೆ ಒಂದು ಸಣ್ಣ ಹೋಟೆಲು. ಬೆಳಗ್ಗೆ ಜನವೆಲ್ಲ ಮುಂಬಯಿ ಕಡೆಗೆ ನೇತಾಡಿಕೊಂಡು ಹೋಗುವಾಗ ಟೀಚರ್ ಖಾಲಿ ಗಾಡಿಯಲ್ಲಿ ಡೊಂಬಿವಲಿ ಕಡೆಗೆ ಬರುತ್ತಿದ್ದರು. ಕಿಟಕಿ ಪಕ್ಕದ ಸೀಟು ಸಿಕ್ಕಿದ್ದನ್ನು ದಿನವೂ ಲಾಟರಿ ಹೊಡೆದವರ ಹಾಗೆ ನಮಗೆ ವರದಿ ಮಾಡುತ್ತಿದ್ದರು.

ಹೋಟೆಲಿನಿಂದ ಅವರ ಜೊತೆ ಬರುತ್ತಿದ್ದದ್ದು ಒಂದು ದೊಡ್ಡ ಸ್ಟೀಲ್ ಫ್ಲಾಸ್ಕು, ಅದರ ತುಂಬ ಚಹಾ. ಆ ಫ್ಲಾಸ್ಕಿನ ಬಗ್ಗೆ ಹೇಳದೆ ಟೀಚರ್ ಬಗ್ಗೆ ಏನು ಹೇಳಿದರೂ ಅರ್ಧವೇ.

ಬಾಸ್ಕೆಟ್‌ಬಾಲ್ ಪಂದ್ಯಕ್ಕೆ ಬೇರೆ ಕಾಲೇಜಿನ ಹುಡುಗಿಯರು ನಮ್ಮಲ್ಲಿಗೆ ಬರುವುದು ಲೋಕಲ್ ಗಾಡಿಯಲ್ಲಿ. ಕಲ್ಯಾಣದ ಆಚೆಯಿಂದ ಬರುವವರಿಗೆ ಸಿಗ್ನಲ್ ಸಿಕ್ಕದೆ, ವೈರ್ ತುಂಡಾಗಿ, ಹಳಿಗೆ ನೀರು ಬಂದು ತಡವಾಗುವುದು ಹೊಸದೇನಲ್ಲ. ನಿಯಮದ ಪ್ರಕಾರ ಕಾಲು ಗಂಟೆ ಕಾಯಬೇಕು. ಬಾರದಿದ್ದರೆ ಕಾದವರಿಗೆ ವಾಕ್ ಓವರ್, ಅಂದರೆ ಆಡದೆಯೇ ಗೆಲುವು. ಆದರೆ ನಮ್ಮ ಅಂಗಳದಲ್ಲಿ ಆ ನಿಯಮ ಎಂದೂ ನಡೆದದ್ದಿಲ್ಲ. ಎದುರಿನ ತಂಡ ಕಾಣದಿದ್ದರೆ ಟೀಚರ್ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದರು. ರೆಫರಿಗೊಂದು ಕಪ್ಪು, ಸ್ಕೋರ್ ಬರೆಯುವವನಿಗೊಂದು, ತನಗೊಂದು. ಕುಡಿಯುತ್ತಿರುವಾಗ ಯಾರೂ ಗಡಿಯಾರ ನೋಡುವ ಹಾಗಿಲ್ಲ. ಚಹಾ ಮುಗಿಯುವ ತನಕ ಪಂದ್ಯದ ಹೊತ್ತು ಶುರುವಾಗಿಲ್ಲ ಎಂದೇ ಲೆಕ್ಕ. ಅವರು ಕುಡಿಯುತ್ತಿದ್ದ ವೇಗ ನೋಡಿದರೆ ಗುಟುಕಿಗೊಂದು ಲೋಕಲ್ ಬಂದು ಹೋಗಬಹುದಿತ್ತು. ಒಮ್ಮೆ ಮುಕ್ಕಾಲು ಗಂಟೆ ಎಳೆದರು. ಕೊನೆಯ ಕಪ್ಪಿನ ಹೊತ್ತಿಗೆ ರೆಫರಿಗೆ ಹೊಟ್ಟೆ ಉಬ್ಬರಿಸಿತ್ತು.

"ಗಾಡಿ ತಡ ಆದ್ರೆ ಹುಡುಗಿಯರು ತಡ ಆದ ಹಾಗೆ ಅಲ್ಲ. ಆಡದೆ ಗೆದ್ದು ಎಂತ ಮಾಡುದು? ಬೆವರದೆ ಮಿಂದ ಹಾಗೆ" ಎನ್ನುತ್ತಿದ್ದರು.

ಹಾಗೆ ಕಾದು ಎಷ್ಟೋ ಪಂದ್ಯ ಸೋತಿದ್ದೇವೆ. ನಮಗೆ ಹೊಟ್ಟೆ ಉರಿಯುತ್ತಿತ್ತು. ಕಾಯದಿದ್ದರೆ ಗೆಲುವು ನಮ್ಮದೇ ಇತ್ತಲ್ಲ ಟೀಚರ್ ಎಂದು ಒಬ್ಬಳು ಅತ್ತಾಗ, ಅವಳ ಕೈಗೂ ಒಂದು ಕಪ್ಪು ಕೊಟ್ಟು ಸುಮ್ಮನಾಗಿಸಿದ್ದರು.

ನಾನು ಕ್ಯಾಪ್ಟನ್. ಅವರು ನನ್ನನ್ನು ಹೆಸರಿನಿಂದ ಕರೆದದ್ದು ನೆನಪಿಲ್ಲ, ಕ್ಯಾಪ್ಟನ್ ಎಂದೇ. ತಂಡದಲ್ಲಿ ಕನ್ನಡ ಬರುತ್ತಿದ್ದವಳು ನಾನೊಬ್ಬಳೇ, ಅದೂ ಅಪ್ಪ ಮೈಸೂರಿನವರಾದ್ದರಿಂದ ಮನೆಯಲ್ಲಿ ಹಠ ಹಿಡಿದು ಕಲಿಸಿದ್ದು. ಇಲ್ಲೇ ಹುಟ್ಟಿದ ನನಗೆ ಅದನ್ನು ಹೊರಗೆ ಆಡಲು ನಾಚಿಕೆ. ಅವರು ಕನ್ನಡದಲ್ಲಿ ಕೇಳಿದರೆ ನಾನು ಹಿಂದಿಯಲ್ಲಿ ಉತ್ತರಿಸುತ್ತಿದ್ದೆ. ಟೀಚರ್ ಉಪಾಯ ಹೂಡಿದರು. ಆಟದ ನಡುವಿನ ಬಿಡುವಿನಲ್ಲಿ ತಂತ್ರವನ್ನೆಲ್ಲ ನನಗೆ ಕನ್ನಡದಲ್ಲಿ ಹೇಳುವುದು, ನಾನು ಉಳಿದವರಿಗೆ ಮರಾಠಿಯಲ್ಲಿ ಪಿಸುಗುಟ್ಟುವುದು. ಎದುರಿನವರಿಗೆ ತಲೆಬುಡ ತಿಳಿಯಬಾರದು. ಈ ಗುಪ್ತಭಾಷೆ ಒಂದು ವರ್ಷ ಚೆನ್ನಾಗಿ ನಡೆಯಿತು. ಒಂದು ದಿನ ಟೀಚರ್, "ಆ ಉದ್ದ ಜಡೆಯವಳಿಗೆ ಎಡಗೈ ಬರುದಿಲ್ಲ, ಎಡಕ್ಕೆ ಒತ್ತಿ" ಎಂದರು. ಉದ್ದ ಜಡೆಯ ಹುಡುಗಿ ಅಲ್ಲಿಂದಲೇ, "ಬರ್ತದೆ ಟೀಚರ್, ನೋಡ್ತಾ ಇರಿ" ಎಂದಳು. ಅವಳಪ್ಪನದು ಉಲ್ಲಾಸನಗರದಲ್ಲಿ ಉಡುಪಿ ಹೋಟೆಲಂತೆ. ನಿಜಕ್ಕೂ ಎಡಗೈಯಲ್ಲೇ ಎರಡು ಬುಟ್ಟಿ ಹಾಕಿದಳು. ಟೀಚರ್ ಬೇಸರಪಟ್ಟುಕೊಳ್ಳುವ ಬದಲು ಪಂದ್ಯ ಮುಗಿದ ಮೇಲೆ ಅವಳನ್ನು ಕೂರಿಸಿಕೊಂಡು ಅವಳ ಊರು, ಮನೆತನ ಎಲ್ಲ ವಿಚಾರಿಸಿ ಯಾವುದೋ ನೆಂಟಸ್ತಿಕೆ ಹುಡುಕಿ ತೆಗೆದರು.

"ಚೆಂಡು ಯಾರ ಕೈಯಲ್ಲಿ ಉಂಟು ಅಂತ ನೋಡ್ಬೇಡ. ಯಾರ ಕೈ ಖಾಲಿ ಉಂಟು ನೋಡು." ಇದು ನನಗೆ ಅವರು ಸಾವಿರ ಸಲ ಹೇಳಿದ ಮಾತು. ಆಫೀಸಿನಲ್ಲಿ ನಾಲ್ಕು ಜನರನ್ನು ಕಟ್ಟಿಕೊಂಡು ಕೆಲಸ ಮಾಡುವ ಈಗ ಅದರ ಬೆಲೆ ಗೊತ್ತಾಗುತ್ತಿದೆ.

ನಮ್ಮ ಅಂಗಳ ಎಂದರೆ ಕಾಲೇಜಿನ ಹಿಂದೆ, ಎರಡು ಹೌಸಿಂಗ್ ಸೊಸೈಟಿಗಳ ನಡುವೆ ಸಿಕ್ಕಿಕೊಂಡ ಸಿಮೆಂಟಿನ ಚೌಕ. ಚೆಂಡು ಗೋಡೆ ಹಾರಿದರೆ ವಾಚ್‌ಮನ್ನನ ಕಾಲು ಹಿಡಿಯಬೇಕು. ನಾವು ಚಡ್ಡಿ ಹಾಕಿ ಓಡುವುದನ್ನು ಬಾಲ್ಕನಿಯಿಂದ ಬಟ್ಟೆ ಒಣಹಾಕುವ ನೆಪದಲ್ಲಿ ನೋಡುವ ನೆರೆಮನೆಯ ಹೆಂಗಸರು, ನಮ್ಮ ಬಾಯಲ್ಲಿ ಕಾಕುಗಳು, ಬೇರೆ. ಮಳೆಗಾಲ ಮುಗಿದಾಗ ಪಾಚಿ ಉಜ್ಜುವುದು ಟೀಚರ್ ಮತ್ತು ನಾವೇ. ಆ ಚೌಕದ ಮೇಲೆ ಕಾಲೇಜಿನ ಟ್ರಸ್ಟಿಗಳ ಕಣ್ಣಿತ್ತು. ನನ್ನ ಕೊನೆಯ ವರ್ಷದ ಆರಂಭದಲ್ಲೇ ಒಬ್ಬ ಹಿರಿಯ ಟ್ರಸ್ಟಿ ಬಂದು ಹೇಳಿ ಹೋದರು: ಹುಡುಗಿಯರ ತಂಡ ಒಂದು ಸಲವಾದರೂ ಅಂತಿಮ ಪಂದ್ಯಾವಳಿಗೆ ಹೋಗಿದೆಯೇ? ಈ ವರ್ಷವೂ ಹೋಗದಿದ್ದರೆ ತಂಡವನ್ನು ನಿಲ್ಲಿಸೋಣ, ಜಾಗ ಪಾರ್ಕಿಂಗಿಗಾದರೂ ಆಗುತ್ತದೆ. ಅವತ್ತು ಟೀಚರ್ ನಮ್ಮನ್ನು ಕತ್ತಲಾಗುವ ತನಕ ಓಡಿಸಿದರು.

ಅಂತಿಮ ಪಂದ್ಯಾವಳಿ ಬೇಲಾಪುರದಲ್ಲಿ. ನಮ್ಮ ವಲಯದಿಂದ ನಾಲ್ಕು ತಂಡ ಹೋಗಬೇಕು. ಆ ವರ್ಷ ನಾವು ಎಂದಿಗಿಂತ ಚೆನ್ನಾಗಿ ಆಡಿದೆವು ಎನ್ನುವುದು ನಿಜ. ಮೂರು ಸ್ಥಾನ ಬೇರೆಯವರಿಗೆ ಹೋಗಿ, ನಾಲ್ಕನೆಯದು ನಮಗೋ ಶಹಾಡ್ ಕಡೆಯ ಒಂದು ಕಾಲೇಜಿಗೋ ಎಂಬಲ್ಲಿಗೆ ಬಂದು ನಿಂತಿತು. ನಮ್ಮಿಬ್ಬರ ನಡುವಿನ ಪಂದ್ಯವೇ ಕೊನೆಯದು, ಗೆದ್ದವರು ಬೇಲಾಪುರಕ್ಕೆ. ಶಹಾಡಿನ ಹುಡುಗಿಯರು ಕಾರ್ಖಾನೆ ಕೆಲಸಗಾರರ ಮಕ್ಕಳು. ಹರಿದ ಶೂಗಳಲ್ಲಿ ಗಾಳಿಯ ಹಾಗೆ ಓಡುತ್ತಿದ್ದರು. ಅಭ್ಯಾಸ ಪಂದ್ಯವೊಂದರಲ್ಲಿ ನಮ್ಮನ್ನು ಮಣ್ಣು ಮುಕ್ಕಿಸಿದ್ದರು. ಅವರ ಕ್ಯಾಪ್ಟನ್ ನನಗಿಂತ ಗೇಣು ಕುಳ್ಳಿ, ಆದರೆ ಚೆಂಡು ಅವಳ ಕೈಗೆ ಅಂಟಿಕೊಂಡೇ ಹುಟ್ಟಿದ ಹಾಗಿತ್ತು.

ಪಂದ್ಯ ಭಾನುವಾರ ಬೆಳಗ್ಗೆ ನಮ್ಮ ಅಂಗಳದಲ್ಲಿ. ಭಾನುವಾರ ಎಂದರೆ ಮೆಗಾಬ್ಲಾಕ್. ಹಳಿ ರಿಪೇರಿಗೆಂದು ಅರ್ಧಕ್ಕರ್ಧ ಗಾಡಿ ರದ್ದು, ಉಳಿದವು ತೆವಳುತ್ತವೆ. ಹೊತ್ತಾದರೂ ಶಹಾಡಿನವರ ಸುಳಿವಿಲ್ಲ. ನಮ್ಮ ಹುಡುಗಿಯೊಬ್ಬಳ ಕಾಲು ಉಳುಕಿತ್ತು, ಬ್ಯಾಂಡೇಜ್ ತಾ ಎಂದು ಟೀಚರ್ ನನ್ನನ್ನು ತಮ್ಮ ಚೀಲದ ಕಡೆಗೆ ಕಳಿಸಿದರು. ಚೀಲಕ್ಕೆ ಕೈ ಹಾಕಿದರೆ ಮೇಲೆಯೇ ಫ್ಲಾಸ್ಕು. ಬ್ಯಾಂಡೇಜಿಗಾಗಿ ಅದನ್ನು ಎತ್ತಿ ಚೀಲದೊಳಗೇ ಪಕ್ಕಕ್ಕಿಟ್ಟೆ. ತುಂಬಿದ ಫ್ಲಾಸ್ಕು, ಎತ್ತಿದವರಿಗೆ ಭಾರದಲ್ಲೇ ಗೊತ್ತಾಗುತ್ತದೆ.

ನಾನು ಬ್ಯಾಂಡೇಜ್ ಹಿಡಿದು ತಿರುಗುವಾಗ ರೆಫರಿ ಕೈ ಉಜ್ಜಿಕೊಳ್ಳುತ್ತ ಬಂದರು. ವರ್ಷಗಳಿಂದ ನಮ್ಮಲ್ಲಿಗೆ ಬರುತ್ತಿದ್ದ ವಯಸ್ಸಾದ ಮರಾಠಿ ಮನುಷ್ಯ. "ಮ್ಯಾಡಮ್, ಆಜ್ ಚಹಾ ನಾಹೀ ಕಾ?" ಎಂದು ನಕ್ಕರು.

ಟೀಚರ್ ಉಳುಕಿದ ಕಾಲನ್ನೇ ನೋಡುತ್ತ, "ನಾಹೀ. ಆಜ್ ಆಣ್ಲಾ ನಾಹೀ" ಎಂದರು. ಇವತ್ತು ತಂದಿಲ್ಲ.

ಆಮೇಲೆ ತಲೆ ಎತ್ತಿದರು. ನಾನು ಅವರ ಚೀಲದ ಪಕ್ಕದಲ್ಲೇ ನಿಂತಿದ್ದೆ. ನಾನು ಕಂಡಿದ್ದೇನೆಂದು ಅವರಿಗೆ ಗೊತ್ತಾಯಿತು, ಗೊತ್ತಾಯಿತೆಂದು ನನಗೂ ಗೊತ್ತಾಯಿತು. ನಾನು ಬ್ಯಾಂಡೇಜನ್ನು ಅವರ ಕೈಗೆ ಕೊಟ್ಟೆ. ರೆಫರಿ ಸ್ವಲ್ಪ ಹೊತ್ತು ಏನು ಮಾಡಬೇಕೆಂದು ತಿಳಿಯದೆ ನಿಂತರು. ಚಹಾ ಇಲ್ಲವಾದರೆ ಗಡಿಯಾರ ನೋಡಲೇಬೇಕಲ್ಲ. ನೋಡಿದರು. ಕಾಲು ಗಂಟೆ ಆಗುತ್ತಲೇ ಸ್ಕೋರ್ ಹಾಳೆಗೆ ಸಹಿ ಹಾಕಿದರು. ನಮ್ಮ ಹುಡುಗಿಯರು ಒಬ್ಬರನ್ನೊಬ್ಬರು ತಬ್ಬಿಕೊಂಡು ಕುಣಿದರು.

ಆ ಕುಣಿತ ಇನ್ನೂ ನಿಂತಿರಲಿಲ್ಲ, ಗೇಟಿನಲ್ಲಿ ಶಹಾಡಿನವರು ಕಾಣಿಸಿಕೊಂಡರು. ಠಾಕುರ್ಲಿಯ ಹತ್ತಿರ ಗಾಡಿ ನಿಂತುಬಿಟ್ಟಿದ್ದರಿಂದ ಇಳಿದು ಹಳಿಯ ಪಕ್ಕ ಓಡಿಬಂದಿದ್ದರು. ಮುಖದ ಮೇಲೆಲ್ಲ ಧೂಳು, ಒಬ್ಬಳ ಶೂವಿನ ಅಟ್ಟೆ ಬಿಟ್ಟು ಕೈಯಲ್ಲಿತ್ತು. ವಾಕ್ ಓವರ್ ಆಯಿತೆಂದು ರೆಫರಿ ಹೇಳಿದಾಗ ಶಹಾಡಿನ ಕ್ಯಾಪ್ಟನ್ ಅವರ ಜೊತೆ ವಾದಕ್ಕೆ ಇಳಿಯಲಿಲ್ಲ. ನೇರ ಟೀಚರ್ ಬಳಿ ಬಂದಳು.

"ಮ್ಯಾಡಮ್, ಆಪ್ ತೋ ರುಕ್ತೇ ಹೋ ನಾ?"

ನೀವು ಕಾಯುತ್ತೀರಲ್ಲವೇ. ಜಗಳದ ದನಿ ಅಲ್ಲ. ನಿಜವಾಗಿ ಕೇಳುತ್ತಿದ್ದಳು, ಎಲ್ಲೋ ಏನೋ ತಪ್ಪು ತಿಳಿವಳಿಕೆ ಆಗಿದೆ, ಟೀಚರ್ ಸರಿಮಾಡುತ್ತಾರೆ ಎಂಬಂತೆ. ಅಷ್ಟು ದೂರದ ಶಹಾಡಿನ ತನಕ ನಮ್ಮ ಟೀಚರ್ ಹೆಸರು ಹಾಗಿತ್ತು. ಟೀಚರ್ "ರೂಲ್ ಹೈ" ಎಂದು ಎರಡೇ ಪದ ಹೇಳಿದರು. ಅವರ ಬಾಯಲ್ಲಿ ಆ ಪದ ನಾನು ಕೇಳಿದ್ದು ಅದೇ ಮೊದಲು. ಆ ಹುಡುಗಿ ತಲೆಯಾಡಿಸಿ, ನಮ್ಮ ನಲ್ಲಿಯಲ್ಲಿ ನೀರು ಕುಡಿದು, ತನ್ನವರನ್ನು ಕರೆದುಕೊಂಡು ಹೋದಳು. ನಾಚಿಕೆಯಿಂದ ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಆಡಿದ್ದರೆ ಬಹುಶಃ ಸೋಲುತ್ತಿದ್ದೆವು. ಗೆಲ್ಲುತ್ತಲೂ ಇದ್ದೆವೇನೋ. ಆ ಸ್ಥಾನಕ್ಕೆ ನಾವು ಯೋಗ್ಯರೋ ಅಲ್ಲವೋ ಎನ್ನುವುದು ಇನ್ನು ಯಾವ ಕಾಲಕ್ಕೂ ಗೊತ್ತಾಗುವಂತಿರಲಿಲ್ಲ.

ಕಾಲೇಜಿನಲ್ಲಿ ಹಬ್ಬ. ನೋಟಿಸ್ ಬೋರ್ಡಿಗೆ ಚೆಂಡುಹೂವಿನ ಮಾಲೆ, ನಮಗೆ ಹೊಸ ಟೀ ಶರ್ಟು. ಹಿರಿಯ ಟ್ರಸ್ಟಿಯವರೇ ಬಂದು ಪೇಢೆ ಹಂಚಿದರು. ತಂಡ ಮುಂದುವರಿಯುತ್ತದೆ ಎಂದು ಎಲ್ಲರೆದುರು ಘೋಷಿಸಿದರು. ಟೀಚರ್ ಪೇಢೆಯನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡರು, ತಿನ್ನಲಿಲ್ಲ.

ಬೇಲಾಪುರಕ್ಕೆ ಹೊರಟ ದಿನ ದೇವರು ನಮ್ಮನ್ನು ಚೆನ್ನಾಗಿ ಆಡಿಸಿದ. ಠಾಣೆಯಲ್ಲಿ ಗಾಡಿ ಬದಲಿಸಿ ನವಿ ಮುಂಬಯಿ ಕಡೆಗೆ ಹೊರಟರೆ, ಘಣಸೋಲಿ ಬಿಟ್ಟ ಸ್ವಲ್ಪ ಹೊತ್ತಿಗೆ ಗಾಡಿ ನಿಂತಿತು. ವೈರ್ ತುಂಡು. ಫ್ಯಾನ್ ನಿಂತ ಡಬ್ಬಿಯಲ್ಲಿ ಬೆವರುತ್ತ ಕೂತೆವು. ಕೊನೆಗೆ ಇಳಿದು, ಹಳಿ ದಾಟಿ, ರಸ್ತೆ ಹಿಡಿದು, ಸಿಕ್ಕಿದ ರಿಕ್ಷಾಗಳಲ್ಲಿ ತುಂಬಿಕೊಂಡು ಹೋದೆವು. ಟೀಚರ್ ದಾರಿಯುದ್ದಕ್ಕೂ ಗಡಿಯಾರ ನೋಡಲಿಲ್ಲ. ಅವರಿಗೆ ಲೆಕ್ಕ ಗೊತ್ತಿತ್ತು, ವಾಕ್ ಓವರ್ ಆಗಿ ಬಹಳ ಹೊತ್ತಾಗಿರಬೇಕು. ಅವರ ಮುಖದಲ್ಲಿ ಒಂದು ಬಗೆಯ ನೆಮ್ಮದಿಯೂ ಇತ್ತು ಎಂದು ನನಗೆ ಈಗ ಅನ್ನಿಸುತ್ತದೆ. ಕೊಟ್ಟದ್ದು ತನಗೆ ತಾನಾಗಿ ವಾಪಸಾಗುತ್ತಿದೆ ಎಂಬಂತೆ.

ಮೈದಾನ ತಲುಪಿದರೆ ಎದುರಿನ ತಂಡದ ಹುಡುಗಿಯರು ನೆರಳಿನಲ್ಲಿ ಕಾಲು ಚಾಚಿ ಕೂತಿದ್ದಾರೆ. ಅವರ ತರಬೇತುದಾರ್ತಿ ಒಬ್ಬ ಯುವತಿ, ಎದ್ದು ಓಡಿಬಂದು ಟೀಚರ್ ಕಾಲು ಮುಟ್ಟಿದಳು. ಹಿಂದೆ ಕಲ್ಯಾಣದ ಯಾವುದೋ ಕಾಲೇಜಿಗಾಗಿ ಆಡುತ್ತಿದ್ದಳಂತೆ. ಒಂದು ಮಳೆಗಾಲದಲ್ಲಿ ಅವರ ತಂಡ ತಾಸು ತಡವಾಗಿ ಬಂದಾಗ ನಮ್ಮ ಅಂಗಳದಲ್ಲಿ ಟೀಚರ್ ಚಹಾ ಕುಡಿಯುತ್ತಲೇ ಇದ್ದರಂತೆ.

"ಬೈಠಿಯೇ ಮ್ಯಾಡಮ್, ಪೆಹಲೇ ಚಾಯ್" ಎಂದು ನಕ್ಕು, ಚೀಲದಿಂದ ಫ್ಲಾಸ್ಕು ತೆಗೆದಳು. "ಆಪ್ ಹೀ ಸೇ ಸೀಖಾ ಹೈ." ನಿಮ್ಮಿಂದಲೇ ಕಲಿತದ್ದು. ನಮ್ಮ ಹುಡುಗಿಯರೂ ಈಗ ಹಾಗೇ ಕಾಯುತ್ತಾರೆ ಎಂದು ಹೆಮ್ಮೆಯಿಂದ ಹೇಳಿದಳು.

ಟೀಚರ್ ಕಪ್ಪು ತೆಗೆದುಕೊಂಡರು. ಚಹಾದ ಮೇಲೆ ಕೆನೆ ಕಟ್ಟುವ ತನಕ ಹಿಡಿದೇ ನಿಂತರು. ಆಮೇಲೆ ನನ್ನ ಕಡೆ ತಿರುಗಿ, ನಮ್ಮ ಗುಪ್ತಭಾಷೆಯಲ್ಲಿ, "ಕ್ಯಾಪ್ಟನ್, ಇದು ನನ್ನ ಗಂಟಲಲ್ಲಿ ಇಳಿಯುದಿಲ್ಲ ಮಾರಾಯ್ತಿ" ಎಂದರು. ನಾನು ಕಪ್ಪನ್ನು ತೆಗೆದುಕೊಂಡು ಅವರ ಬದಲು ಕುಡಿದೆ. ಆರಿ ತಣ್ಣಗಾಗಿತ್ತು. ಯುವತಿ ಇನ್ನೊಂದು ಕಪ್ಪು ಬಗ್ಗಿಸಿದಳು. ಪಾಪ, ಅವಳಿಗೇನು ಗೊತ್ತು.

ಪಂದ್ಯದ ಬಗ್ಗೆ ಹೇಳುವುದೇನೂ ಇಲ್ಲ. ಹೀನಾಯವಾಗಿ ಸೋತೆವು. ಟೀಚರ್ ಕೊನೆಯ ತನಕ ಎರಡೆರಡು ಚಪ್ಪಾಳೆ ಹೊಡೆಯುತ್ತಲೇ ಇದ್ದರು.

ನಮ್ಮ ತಂಡ ಉಳಿಯಿತು. ನನ್ನ ಹಿಂದೆ ಎಷ್ಟೋ ಹುಡುಗಿಯರು ಆ ಸಿಮೆಂಟಿನ ಚೌಕದಲ್ಲಿ ಆಡಿದರು, ಈಗಲೂ ಆಡುತ್ತಾರೆ. ಶಹಾಡಿನ ಕಾಲೇಜು ಮರುವರ್ಷ ಹುಡುಗಿಯರ ತಂಡವನ್ನೇ ಕಳಿಸಲಿಲ್ಲ. ಅಲ್ಲಿನ ಆಡಳಿತದವರೂ ಆ ಹುಡುಗಿಯರಿಗೆ ನಮ್ಮ ಟ್ರಸ್ಟಿ ಹೇಳಿದಂಥದೇ ಮಾತು ಹೇಳಿದ್ದರಂತೆ. ಟೀಚರ್ ಒಂದು ದಿನ ಶಹಾಡಿಗೆ ಹೋಗಿ ಆ ಕ್ಯಾಪ್ಟನ್ ಹುಡುಗಿಯ ಮನೆ ಹುಡುಕಿದರು, ನಮ್ಮ ಅಂಗಳಕ್ಕೆ ಬಂದು ಆಡು ಎಂದು ಕರೆದರು. ಅವಳು ಹ್ಞೂಂ ಎಂದಳು, ಬರಲಿಲ್ಲ. ಇದನ್ನು ನನಗೆ ಹೇಳಿದವರು ಟೀಚರೇ. ಆ ಮೇಲೂ ಫ್ಲಾಸ್ಕು ದಿನವೂ ಬರುತ್ತಿತ್ತು, ಎಲ್ಲರಿಗೂ ಬಗ್ಗಿಸುತ್ತಿದ್ದರು. ತಾವು ಮಾತ್ರ ಮೈದಾನದಲ್ಲಿ ಚಹಾ ಕುಡಿಯುವುದನ್ನು ಬಿಟ್ಟರು. ಎಸಿಡಿಟಿ ಎನ್ನುತ್ತಿದ್ದರು.

ಇಷ್ಟೆಲ್ಲ ಈಗ ನೆನಪಾಗಲು ಕಾರಣ ಮೊನ್ನೆಯ ಅವರ ನಿವೃತ್ತಿಯ ಸಮಾರಂಭ. ಅದೇ ಹಿರಿಯ ಟ್ರಸ್ಟಿ ನನಗೆ ಫೋನ್ ಮಾಡಿ, ಬೇಲಾಪುರಕ್ಕೆ ಹೋದ ಆ ಹೆಮ್ಮೆಯ ವರ್ಷದ ಬಗ್ಗೆ ಕ್ಯಾಪ್ಟನ್ ಆಗಿದ್ದ ನೀವು ಐದು ನಿಮಿಷ ಮಾತಾಡಬೇಕು ಎಂದರು. ನಾನು ಟೀಚರಿಗೆ ಫೋನ್ ಮಾಡಿದೆ.

"ಫ್ಲಾಸ್ಕಿಂದು ಹೇಳುದಾದ್ರೆ ಬಾ" ಎಂದರು. "ಹೊಗಳುದಕ್ಕೆ ಮಾತ್ರ ಆದ್ರೆ ಬರ್ಬೇಡ, ಸುಮ್ಮನೆ ರಜೆ ಹಾಳು."

"ಅದನ್ನ ನಾನು ಹೇಗೆ ಹೇಳಲಿ ಟೀಚರ್? ನೀವೇ ಹೇಳಿ."

"ನಾನು ಹೇಳಿದ್ರೆ ದೊಡ್ಡಸ್ತಿಕೆ ಆಗ್ತದೆ ಮಗಾ. ಎಷ್ಟು ದೊಡ್ಡ ಮನಸ್ಸು ಅಂತಾರೆ. ನೋಡಿದವಳು ನೀನು, ನೀನೇ ಹೇಳ್ಬೇಕು."

ಹೋದೆ. ವೇದಿಕೆಯ ಹಿಂದಿನ ಪರದೆಯ ಮೇಲೆ ಹೊಸ ಟೀ ಶರ್ಟು ಹಾಕಿಕೊಂಡ ನಮ್ಮ ಫೋಟೋ. ಟೀಚರ್ ದೊಡ್ಡ ಕುರ್ಚಿಯಲ್ಲಿ ಶಾಲು ಹೊದ್ದು, ಕ್ಯಾನ್ವಾಸ್ ಶೂ ಹಾಕಿಕೊಂಡೇ ಕೂತಿದ್ದರು. ನಾನು ಸೀಟಿಯ ಕಥೆ ಹೇಳಿದೆ, ಉದ್ದ ಜಡೆಯವಳ ಕಥೆ ಹೇಳಿದೆ, ಸಭೆ ಹೊಟ್ಟೆ ಹಿಡಿದು ನಕ್ಕಿತು. ಚಹಾ ಕುಡಿಯುತ್ತ ಕಾಯುವುದನ್ನು ಹೇಳಿದಾಗ ಹಳೆಯ ಹುಡುಗಿಯರು ಕೂಗಿ ಹೌದೆಂದರು. ಆ ಭಾನುವಾರದ ಬಾಗಿಲಿಗೆ ಬಂದಾಗ ನಿಲ್ಲಿಸಿಬಿಡಲೇ ಎಂದು ಟೀಚರ್ ಕಡೆ ನೋಡಿದೆ.

ಅವರು ಎರಡು ಚಪ್ಪಾಳೆ ಹೊಡೆದರು.

ಹೇಳಿದೆ. ತುಂಬಿದ ಫ್ಲಾಸ್ಕು, ತಂದಿಲ್ಲ ಎಂದ ಮಾತು, ಹಳಿಯ ಪಕ್ಕ ಓಡಿಬಂದ ಹುಡುಗಿಯರು, ಕೈಯಲ್ಲಿದ್ದ ಅಟ್ಟೆ, ಆಪ್ ತೋ ರುಕ್ತೇ ಹೋ ನಾ ಎಂಬ ಪ್ರಶ್ನೆ. ಆ ಸ್ಥಾನ ನಮ್ಮದಾಗಿರಲಿಲ್ಲ, ಈ ಫೋಟೋ ನೋಡಿದರೆ ನನಗೆ ಈಗಲೂ ನಾಚಿಕೆಯಾಗುತ್ತದೆ ಎಂದೂ ಹೇಳಿದೆ. ಟೀಚರ್ ನೆಟ್ಟಗೆ ಕೂತು, ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ತಮಗೆ ಬರಬೇಕಾದ ಛೀಮಾರಿಗೆ ಕಾಯುತ್ತಿದ್ದರು. ಇಷ್ಟು ವರ್ಷ ಕಾದಿದ್ದೂ ಅದಕ್ಕೇ ಇರಬೇಕು.

ಟ್ರಸ್ಟಿಯವರು ಎದ್ದು ಮೈಕ್ ತೆಗೆದುಕೊಂಡರು. ಅವರ ಕಣ್ಣು ಒದ್ದೆಯಾಗಿತ್ತು. "ನೋಡಿ, ಎಂಥಾ ಗುರು, ಎಂಥಾ ಶಿಷ್ಯೆ! ನಮ್ಮ ಹುಡುಗಿಯರ ತಂಡ ಉಳೀಲಿ ಅಂತ ತಮ್ಮ ತತ್ತ್ವವನ್ನೇ ತ್ಯಾಗ ಮಾಡಿದವರು ಇವರು" ಎಂದರು. ಒಬ್ಬರು ಎದ್ದು ನಿಂತರು, ಅವರನ್ನು ನೋಡಿ ಇನ್ನೊಬ್ಬರು, ಕೊನೆಗೆ ಇಡೀ ಸಭಾಂಗಣ ಎದ್ದು ನಿಂತು ಚಪ್ಪಾಳೆ ಹೊಡೆಯತೊಡಗಿತು. ಯಾರೋ ಟೀಚರಿಗೆ ಇನ್ನೊಂದು ಶಾಲು ಹೊದಿಸಿದರು.

ನಾನು ಅವರ ಕುರ್ಚಿಯ ಬಳಿ ಹೋಗಿ ಕುಕ್ಕುರುಗಾಲಲ್ಲಿ ಕೂತೆ. ಅವರು ಒಂದು ಕೈ ಎತ್ತಿ ಇನ್ನೊಂದಕ್ಕೆ ಬಡಿದರು, ಒಂದೇ ಸಲ, ನಿಲ್ಲಿ ಎನ್ನುವ ಚಪ್ಪಾಳೆ. ಆ ಗದ್ದಲದಲ್ಲಿ ಅದು ಯಾರಿಗೂ ಕೇಳಲಿಲ್ಲ. ಮತ್ತೊಮ್ಮೆ ಹೊಡೆಯಲು ಎತ್ತಿದ ಕೈಯನ್ನು ಹಾಗೇ ಇಳಿಸಿ, ನನ್ನ ಕಿವಿಯ ಹತ್ತಿರ ಬಗ್ಗಿದರು.

"ನೋಡಿದ್ಯಾ ಕ್ಯಾಪ್ಟನ್," ಎಂದರು. "ಇದೂ ವಾಕ್ ಓವರೇ."